ನಮ್ಮ ಮಳೆಗೆ ಒಗ್ಗುವ ಟೈರ್

ಕಾಸರಗೋಡಿನ ಬದಿಯಡ್ಕದಿಂದ ಒಳಗಿನ ಊರುಗಳಲ್ಲಿ ಜೀಪು, ಬೊಲೆರೊ ಇಟ್ಟುಕೊಂಡವರಿಗೆ ಟೈರ್ ಬದಲಿಸುವಾಗ ಸಿಗುವ ಮೊದಲ ಸಲಹೆ, ಮೈಮೇಲೆ ದಪ್ಪ ದಪ್ಪ ರಬ್ಬರ್ ಗಟ್ಟಿಗಳಿರುವ ಬಟನ್ ಟೈರ್ ಹಾಕಿಸಿ ಎಂಬುದು. ನನ್ನ ಬೊಲೆರೊಗೆ ಟೈರ್ ನೋಡಲು ಹೋದಾಗ ಅಂಗಡಿಯವರು ಹೇಳಿದ್ದೂ ಅದನ್ನೇ: "ಮಾಷ್ಟ್ರೇ, ನಿಮ್ಮ ತೋಟದ ಚಡಾವಿಗೆ ಬೇರೆ ಯಾವುದೂ ಆಗಲಿಕ್ಕಿಲ್ಲ."

ಬಟನ್ ಟೈರಿಗೆ ಕೆಸರಿನಲ್ಲಿ ಹಿಡಿತ ಇರುವುದು ನಿಜ. ನೋಡುವುದಕ್ಕೂ ಗತ್ತಾಗಿರುತ್ತದೆ. ಆದರೆ ನನ್ನ ಗಾಡಿ ಕೆಸರು ತುಳಿಯುವುದು ಗೇಟಿನಿಂದ ಅಂಗಳದವರೆಗೆ ಮಾತ್ರ. ಉಳಿದದ್ದೆಲ್ಲ ಡಾಮರು: ಪೆರ್ಲ, ಅಡ್ಕಸ್ಥಳ ದಾಟಿ ವಿಟ್ಲ, ಪುತ್ತೂರಿಗೆ, ಇಲ್ಲವೇ ಕುಂಬಳೆಗೆ ಇಳಿದು ಮಂಗಳೂರಿಗೆ. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಆ ಡಾಮರು ಸರಿಯಾಗಿ ಒಣಗುವುದೇ ಅಪರೂಪ. ಬಟನ್ ಟೈರಿನ ಗಟ್ಟಿಗಳ ನಡುವೆ ಅಂತರ ದೊಡ್ಡದು, ಹಾಗಾಗಿ ರಸ್ತೆಗೆ ತಾಗುವ ರಬ್ಬರ್ ಕಡಿಮೆ. ನೀರಿನ ತೆಳು ಪದರವನ್ನು ಕತ್ತರಿಸಬೇಕಾದ ಸಣ್ಣ ಸೀಳುಗಳೂ ಅದರ ಮೈಮೇಲೆ ಹೆಚ್ಚಿರುವುದಿಲ್ಲ. ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ದಾರಿಯುದ್ದಕ್ಕೂ ಅದರ ಗುಂಯ್ ಸದ್ದು ಬೇರೆ.

ಇನ್ನು ಚಡಾವಿನ, ಅಂದರೆ ಏರುದಾರಿಯ ಮಾತು. ಮಳೆಗಾಲದ ಆಟಿ ತಿಂಗಳಲ್ಲಿ ಮುರಕಲ್ಲಿನ ಮೇಲೆ ಪಾಚಿ ಕಟ್ಟಿದರೆ ಯಾವ ಟೈರೂ ನಿಲ್ಲುವುದಿಲ್ಲ. ಬ್ಲೀಚಿಂಗ್ ಪುಡಿ ಉದುರಿಸಿ ಹಿಡಿಸೂಡಿಯಲ್ಲಿ ಉಜ್ಜಿದರೆ ಅದು ಹೋಗುತ್ತದೆ, ಖರ್ಚೂ ಅಲ್ಪ.

ಹೀಗೆ ಯೋಚಿಸಿ ನಾನು ತೆಗೆದುಕೊಂಡದ್ದು ಎಟಿ (ಆಲ್ ಟೆರೇನ್) ಎಂದು ಕರೆಯುವ, ಕೆಸರಿನ ಟೈರಿಗೂ ಡಾಮರಿನ ಟೈರಿಗೂ ನಡುವಿನ ಜಾತಿಯ ಟೈರ್. ಅದರಲ್ಲೂ ಗಟ್ಟಿಗಳು ಒತ್ತೊತ್ತಾಗಿದ್ದು ಮೇಲೆ ಸೀಳುಗಳು ಹೆಚ್ಚಿರುವುದನ್ನು ಆರಿಸಿದೆ. ಮನೆಯ ಬಾಗಿಲವರೆಗೆ ಡಾಮರು, ಕಾಂಕ್ರೀಟು ಇರುವವರಿಗೆ ಅದೂ ಬೇಡ, ಹೆದ್ದಾರಿಯ ಎಚ್‌ಟಿ ಟೈರೇ ಸಾಕು. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥವಾದ ಮೇಲೆ ಎಲ್ಲರ ವೇಗವೂ ಏರಿದೆ. ಸವೆದ ಟೈರು ಆ ವೇಗದಲ್ಲಿ ನಿಂತ ನೀರನ್ನು ಹೊಕ್ಕರೆ ಚಕ್ರ ರಸ್ತೆ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ಕೇಳುವುದಿಲ್ಲ. ಟೈರಿನ ತೋಡುಗಳ ತಳದಲ್ಲಿರುವ ಸಣ್ಣ ದಿಣ್ಣೆಗಳು 1.6 ಮಿ.ಮೀ. ಆಳದ ಗುರುತು; ಅದು ಕಾನೂನಿನ ಕೊನೆಯ ಗೆರೆ. ನಮ್ಮ ಮಳೆಗೆ ಅಲ್ಲಿಯವರೆಗೆ ಕಾಯಬಾರದು. ತೋಡು 3 ಮಿ.ಮೀ.ಗೆ ಇಳಿದಾಗಲೇ ನಾನು ಬದಲಿಸುತ್ತೇನೆ.

ಅಳತೆಯ ವಿಷಯದಲ್ಲಿಯೂ ಸ್ವಲ್ಪ ಚರ್ಚೆ ನಡೆಯಿತು. ನನ್ನ ಗಾಡಿಯದು 215/75 ಆರ್15. ಅಂದರೆ 215 ಮಿ.ಮೀ. ಅಗಲ, ಆ ಅಗಲದ ಶೇ. 75ರಷ್ಟು ಎತ್ತರದ ಪಕ್ಕೆ, ಟೈರ್ ಕೂರುವ 15 ಇಂಚಿನ ಡಿಸ್ಕ್ (ರಿಮ್). 235/75 ಹಾಕಿದರೆ ಗಾಡಿ ಎತ್ತರವಾಗುತ್ತದೆ ಎಂದು ಹಲವರು ಹೇಳುತ್ತಾರೆ. ಲೆಕ್ಕ ಹಾಕಿ ನೋಡಿದೆ. ಚಕ್ರದ ವ್ಯಾಸ ಹೆಚ್ಚುವುದು 30 ಮಿ.ಮೀ., ಗಾಡಿ ಮೇಲೇರುವುದು ಅದರ ಅರ್ಧ, 15 ಮಿ.ಮೀ. ಇಷ್ಟಕ್ಕಾಗಿ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಸುಮಾರು ಶೇ. 4ರಷ್ಟು ಕಡಿಮೆ ತೋರಿಸತೊಡಗುತ್ತದೆ. ಅಡಿಕೆ ಚೀಲ ಹೇರಿಕೊಂಡು ಏರು ಹತ್ತುವಾಗ ಎಂಜಿನ್ನಿಗೂ ಭಾರ. ಕಂಪೆನಿ ಕೊಟ್ಟ ಅಳತೆಯಲ್ಲಿಯೇ ಉಳಿದೆ. ಅಳತೆಯ ಪಕ್ಕದಲ್ಲಿ ಹೊರೆಯ ಅಂಕಿಯೂ ಇರುತ್ತದೆ. 100 ಎಂದಿದ್ದರೆ ಒಂದು ಟೈರ್ 800 ಕಿಲೊ ಹೊರಬಲ್ಲದು. ಮೊದಲಿದ್ದ ಅಂಕಿಗಿಂತ ಕಡಿಮೆಯದನ್ನು ಎಷ್ಟೇ ಅಗ್ಗವಾದರೂ ಕೊಳ್ಳಬಾರದು.

ತಯಾರಾದ ದಿನ ನೋಡಲು ಟಾರ್ಚ್ ಕೊಂಡೊಯ್ದಿದ್ದೆ. ಪಕ್ಕೆಯಲ್ಲಿ ಡಾಟ್ (DOT) ಎಂದು ಶುರುವಾಗುವ ಬರಹದ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. 2325 ಎಂದರೆ 2025ರ 23ನೇ ವಾರ. ಅಂಗಡಿಯವರು ಮೊದಲು ಉರುಳಿಸಿ ತಂದ ನಾಲ್ಕರಲ್ಲಿ ಒಂದು ಬಹಳ ಹಿಂದಿನದಾಗಿತ್ತು. ಬೇರೆ ಕೊಡಿ ಎಂದಾಗ ತುಸು ಮುಖ ಸಿಂಡರಿಸಿ ಒಳಗಿನಿಂದ ತಂದುಕೊಟ್ಟರು. ನನ್ನಂತೆ ಕಡಿಮೆ ಓಡಿಸುವವರ ಗಾಡಿಯಲ್ಲಿ ಟೈರ್ ಸವೆಯುವ ಮೊದಲೇ ರಬ್ಬರ್ ಗಡುಸಾಗಿ ಬಿರಿಯುತ್ತದೆ, ಆದ್ದರಿಂದ ದಿನಾಂಕ ಬಿಟ್ಟುಕೊಡುವಂತಿಲ್ಲ.

ದರದ ಬಗ್ಗೆ ಹೇಳುವುದಾದರೆ, ನನಗೂ ಒಂದಿಷ್ಟು ರಬ್ಬರ್ ಮರಗಳಿವೆ. ರಬ್ಬರ್ ಶೀಟಿನ ದರ ಕುಸಿದ ವರ್ಷ ಟೈರಿನ ದರವೂ ಕುಸಿದದ್ದನ್ನು ನಾನಂತೂ ಕಂಡಿಲ್ಲ. ನೈಟ್ರೋಜನ್ ತುಂಬಿಸಿ ಎಂಬ ಒತ್ತಾಯಕ್ಕೂ ಮಣಿಯಲಿಲ್ಲ. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78ರಷ್ಟು ನೈಟ್ರೋಜನ್ ಇದೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ಒತ್ತಡ ನೋಡಿಕೊಂಡರೆ ಸಾಕು. ಹೊರೆ ಇದ್ದಾಗ ಎಷ್ಟು, ಇಲ್ಲದಾಗ ಎಷ್ಟು ಎಂಬುದು ಗಾಡಿಯ ಕೈಪಿಡಿಯಲ್ಲಿಯೇ ಇರುತ್ತದೆ.

ನಾಲ್ಕನ್ನೂ ಒಟ್ಟಿಗೆ ಕೊಳ್ಳಲಾಗದವರು ಎರಡೇ ಹಾಕಿಸುವುದಿದ್ದರೆ ಹೊಸದನ್ನು ಹಿಂದಕ್ಕೆ ಹಾಕಿಸಬೇಕು. ಮುಂದಕ್ಕೆ ಹಾಕುವುದು ಅಂಗಡಿಗಳಲ್ಲಿ ರೂಢಿ. ಆದರೆ ಒದ್ದೆ ತಿರುವಿನಲ್ಲಿ ಮುಂಭಾಗ ಜಾರಿದರೆ ವೇಗ ಇಳಿಸಿ ಸರಿಪಡಿಸಿಕೊಳ್ಳಬಹುದು, ಹಿಂಭಾಗ ಜಾರಿದರೆ ಗಾಡಿ ಗಿರ್ರನೆ ತಿರುಗುತ್ತದೆ. ಹಳೆಯ ನಾಲ್ಕರಲ್ಲಿ ಚೆನ್ನಾಗಿದ್ದ ಒಂದನ್ನು ಸ್ಟೆಪ್ನಿಗೆ ಇಟ್ಟುಕೊಂಡು ಉಳಿದವನ್ನು ಅಂಗಡಿಗೇ ಬಿಟ್ಟು ಬಂದೆ.