ಬೆಹೆರಿಟ್‌ನ ಮೊದಲ ಆಲ್ಬಮ್ ಕೇಳುವುದು ಹೇಗೆ

ಮೊದಲ ಕೆಲಸ, ಫೋನಿನ ಬಾಸ್ ಬೂಸ್ಟ್ ಆಫ್ ಮಾಡಿ. ಈಕ್ವಲೈಜರ್ ಗೆರೆಗಳನ್ನೆಲ್ಲ ನಡುವಿಗೆ ತನ್ನಿ. ಫಿನ್ಲೆಂಡಿನ ಬ್ಲ್ಯಾಕ್ ಮೆಟಲ್ (ಒರಟು ಗಿಟಾರಿನ ಕರಾಳ ಸಂಗೀತ) ತಂಡ ಬೆಹೆರಿಟ್‌ನ ‘ಡ್ರಾಯಿಂಗ್ ಡೌನ್ ದ ಮೂನ್’ ಆಲ್ಬಮ್ ಕೇಳಿ "ಬರೀ ಗದ್ದಲ" ಅಂದವರ ಸೆಟ್ ನೋಡಿದರೆ, ಹೆಚ್ಚಾಗಿ ಬಾಸ್ ಪೂರ್ತಿ ಏರಿಸಿ ಇಟ್ಟಿರುತ್ತಾರೆ. ಇದರಲ್ಲಿ ಗಿಟಾರ್ ಮೊದಲೇ ದಪ್ಪ, ಕೆಳಗಿನ ಸ್ವರದ್ದು. ಅದರ ಮೇಲೆ ಮತ್ತೆ ಬಾಸ್ ಕೂಡಿಸಿದರೆ ಡ್ರಮ್, ಗಿಟಾರ್, ದನಿ ಮೂರೂ ಕಲಸಿ ಹೋಗುತ್ತವೆ.

ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ನನ್ನದು ಆಂಪ್ಲಿಫೈಯರ್, ಸ್ಪೀಕರ್ ರಿಪೇರಿ ಅಂಗಡಿ. ಶರಣಬಸವೇಶ್ವರ ಜಾತ್ರೆ, ಮದುವೆ ಸೀಸನ್ ಮುಗಿದರೆ ಸುಟ್ಟ ಕಾಯಿಲ್ (ಸ್ಪೀಕರ್ ಒಳಗಿನ ತಂತಿಸುರುಳಿ), ಹರಿದ ಕೋನ್ (ಮುಂದೆ ಅದುರುವ ಬಟ್ಟಲಿನಂಥ ಭಾಗ) ಸಾಲಾಗಿ ಬರುತ್ತವೆ. ಒಮ್ಮೆ ಕೆಲಸ ಮಾಡುತ್ತಾ ಈ ಆಲ್ಬಮ್ ಹಾಕಿದ್ದೆ. ಅಣ್ಣನ ಮಗ ಬಂದವನೇ, "ಕಾಕಾ, ಸ್ಪೀಕರ್ ಹರದದೇನ್ರಿ?" ಅಂದ. "ಇಲ್ಲೋ ತಮ್ಮಾ, ಅವರು ಹಂಗೇ ಮಾಡ್ಯಾರ" ಅಂದೆ.

ನಿಮಗೂ ಆ ಅನುಮಾನ ಬಂದರೆ ಪರೀಕ್ಷೆ ಸುಲಭ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಮೆಲ್ಲಗಿನ ವಚನ ಗಾಯನ ಹಾಕಿ. ಅದರಲ್ಲೂ ಪರಪರ ಅಂದರೆ ತಪ್ಪು ನಿಮ್ಮ ಸೆಟ್ಟಿನದು. ಸೆಟ್ ಆಫ್ ಮಾಡಿ, ನಾಲ್ಕು ಬೆರಳು ಕೋನ್ ಸುತ್ತ ಸಮನಾಗಿ ಇಟ್ಟು ಹಗುರವಾಗಿ ಒಳಗೆ ಒತ್ತಿ. ಕರಕರ ಸದ್ದು ಬಂದರೆ ಒಳಗೆ ಕಾಯಿಲ್ ಉಜ್ಜುತ್ತಿದೆ. ವಚನವೂ ಶುದ್ಧವಾಗಿ ಕೇಳಿಸಿ, ಕೋನ್ ಸದ್ದಿಲ್ಲದೆ ಹೋಗಿ ಬಂದರೆ ಸೆಟ್ ಸರಿ ಇದೆ ಅನ್ನಿ. ಆಮೇಲೆ ಕೇಳಿಸುವ ಒರಟುತನವೆಲ್ಲ ತಂಡದವರು ಬೇಕೆಂದೇ ಇಟ್ಟದ್ದು.

ತಂಡ ಹುಟ್ಟಿದ್ದು 1989ರಲ್ಲಿ, ಫಿನ್ಲೆಂಡಿನ ರೊವಾನಿಯೆಮಿಯಲ್ಲಿ. ಉತ್ತರ ಧ್ರುವವೃತ್ತದ ಪಕ್ಕದ ಊರು ಅದು. ಡಿಸೆಂಬರಿನಲ್ಲಿ ಸೂರ್ಯ ಎರಡು ಮೂರು ತಾಸು ಕಂಡರೆ ಜಾಸ್ತಿ. ಆಲ್ಬಮ್ ಬಂದದ್ದು 1993ರಲ್ಲಿ, ಸ್ಪೈನ್‌ಫಾರ್ಮ್ ಕಂಪನಿಯಿಂದ. ಲೆಕ್ಕಕ್ಕೆ ನೋಡಿದರೆ 1991ರ ‘ದಿ ಓಥ್ ಆಫ್ ಬ್ಲ್ಯಾಕ್ ಬ್ಲಡ್’ ಮೊದಲು ಬರುತ್ತದೆ. ಆದರೆ ಅದು ಹಳೆಯ ಡೆಮೊ (ಕಚ್ಚಾ ರೆಕಾರ್ಡಿಂಗ್), ಇಪಿ (ನಾಲ್ಕಾರು ಹಾಡಿನ ಸಣ್ಣ ರೆಕಾರ್ಡು) ಸೇರಿಸಿ ಬೇರೆ ಕಂಪನಿ ಹೊರತಂದದ್ದು. ಆಲ್ಬಮ್ ಅಂತಲೇ ಕೂತು ಮಾಡಿದ ಮೊದಲನೆಯದು ಇದೇ. ಹಾಗಾಗಿ ನಾನು ಇದನ್ನೇ ಮೊದಲನೆಯದು ಅನ್ನುತ್ತೇನೆ.

ಎಲ್ಲ 13 ಟ್ರ್ಯಾಕ್ ಸೇರಿ ಮುಕ್ಕಾಲು ತಾಸೂ ಆಗುವುದಿಲ್ಲ. ಶಫಲ್ ಬೇಡ. ಮೊದಲ ಸಲವೇ ಪೂರ್ತಿ ಕೇಳಲು ಆಗದಿದ್ದರೆ ‘ದ ಗೇಟ್ ಆಫ್ ನನ್ನಾ’ದಿಂದ ಶುರು ಮಾಡಿ. ನನ್ನಾ ಅಂದರೆ ಹಳೆಯ ಸುಮೇರಿಯನ್ನರ ಚಂದ್ರದೇವರು. ಈ ಹಾಡಿಗೆ ಅವಸರವಿಲ್ಲ. ಗಿಟಾರಿನ ಒಂದೇ ಸಣ್ಣ ವರಸೆ ಮತ್ತೆ ಮತ್ತೆ ಬರುತ್ತದೆ. ಮುಂದೇನು ಅಂತ ಕಾಯಬೇಡಿ. ನಮ್ಮ ಕಡೆ ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವಾಗ ಏಕತಾರಿ ರಾತ್ರಿಯೆಲ್ಲ ಒಂದೇ ಸ್ವರ ಹಿಡಿದಿರುತ್ತದೆ, ಅಲ್ವಾ? ಅದನ್ನು ಯಾರೂ ಬೇಸರ ಅನ್ನುವುದಿಲ್ಲ. ಆ ಕಿವಿಯಿಂದಲೇ ಇದನ್ನೂ ಕೇಳಿ. ಸ್ವಲ್ಪ ಹೊತ್ತಿನಲ್ಲಿ ವರಸೆ ಹಿಂದಕ್ಕೆ ಸರಿಯುತ್ತದೆ, ದನಿ ಮುಂದೆ ಬರುತ್ತದೆ. ಪಿಸುಮಾತು, ಗೊರಗೊರ, ಯಂತ್ರದಲ್ಲಿ ಹಾಯಿಸಿ ತಿರುಚಿದ ದನಿ, ಎಲ್ಲ ಬೇರೆ ಬೇರೆಯಾಗಿ ಕೇಳಿಸತೊಡಗುತ್ತವೆ.

ಅದರ ಹಿಂದೆಯೇ ಬರುವ ‘ನ್ಯೂಕ್ಲಿಯರ್ ಗರ್ಲ್’ ಮತ್ತು ಇನ್ನೆರಡು ಹಾಡು ಕಳೆದ ಮೇಲೆ ಬರುವ ‘ಸಮ್ಮರ್‌ಲ್ಯಾಂಡ್ಸ್’ ಎರಡನ್ನೂ ದಾಟಿಸಬೇಡಿ. ಎಷ್ಟೋ ಜನ ಸುಮ್ನೆ ತುಂಬಲು ಹಾಕಿದ್ದು ಅಂದುಕೊಂಡು ಮುಂದೆ ಹೋಗುತ್ತಾರೆ. ನನ್ನ ಪ್ರಕಾರ ಆಲ್ಬಮ್‌ನ ಜೀವ ಇರುವುದೇ ಅಲ್ಲಿ. ಗಿಟಾರಿನ ಗದ್ದಲ ನಿಂತು ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಮುಂದೆ ಬರುತ್ತದೆ. ಅದಾದ ಮೇಲೆ ಗಿಟಾರ್ ಬಂದಾಗ ಅದರ ತೂಕ ಎಷ್ಟು ಅಂತ ಗೊತ್ತಾಗುತ್ತದೆ. ಈ ವ್ಯತ್ಯಾಸ ಸಿಗಲೆಂದೇ ವೋಲ್ಯೂಮ್ ಅರ್ಧಕ್ಕಿಂತ ಕೆಳಗಿರಲಿ. ಫ್ಯಾನ್, ಕೂಲರ್ ಸದ್ದು ಈ ಎರಡನ್ನೂ ನುಂಗಿಬಿಡುತ್ತದೆ. 42 ಡಿಗ್ರಿಯ ನಮ್ಮ ಬೇಸಿಗೆಯಲ್ಲಿ ಕೂಲರ್ ನಿಲ್ಲಿಸಿ ಅನ್ನಲಾರೆ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿಕೊಳ್ಳಿ, ಇಲ್ಲವೇ ರಾತ್ರಿ ಮಾಳಿಗೆ ಮೇಲೆ ಮಲಗುವಾಗ ಕೇಳಿ.

ಸಾಹಿತ್ಯದ ಬಗ್ಗೆ ಒಂದು ಮಾತು. ಸೈತಾನನ ಪೂಜೆ, ರಕ್ತ, ಹೊಲಸು ಕಾಮ ಎಲ್ಲ ಇದರಲ್ಲಿದೆ. ಅದನ್ನು ಒಪ್ಪಬೇಕಿಲ್ಲ, ನಾನೂ ಒಪ್ಪುವುದಿಲ್ಲ. ನಾನು ಕೇಳುವುದು ಆ ನಾದಕ್ಕೆ. ಮನೆಯಲ್ಲಿ ಹಿರಿಯರು, ಸಣ್ಣ ಮಕ್ಕಳು ಇದ್ದಾಗ ಸ್ಪೀಕರಿನಲ್ಲಿ ಹಾಕಬೇಡಿ.

ಹಿಡಿಸಿದರೆ ಮುಂದೆ ಯಾವುದು? 1994ರದ್ದು ಪೂರ್ತಿ ಎಲೆಕ್ಟ್ರಾನಿಕ್, ಗಿಟಾರ್ ಹುಡುಕಿದರೂ ಸಿಗುವುದಿಲ್ಲ. ‘ಸಮ್ಮರ್‌ಲ್ಯಾಂಡ್ಸ್’ ಮನಸ್ಸಿಗೆ ಹತ್ತಿದವರು ಮಾತ್ರ ಅಲ್ಲಿಗೆ ಹೋಗಿ. ಗಿಟಾರೇ ಬೇಕು ಅನ್ನುವವರು ನೇರವಾಗಿ 2009ರ ‘ಎನ್‌ಗ್ರಾಮ್’ ಹಾಕಿ. ಅದಕ್ಕೆ ವೋಲ್ಯೂಮ್ ಸ್ವಲ್ಪ ಏರಿಸಿದರೂ ನಡೆಯುತ್ತದೆ.