ಗೀಸರ್ ಕೆಳಗೆ ಹನಿ ಹನಿ ನೀರು: ಮುಚ್ಚುವ ಮುನ್ನ ಇದನ್ನು ಓದಿ

ನಮ್ಮ ಬಚ್ಚಲುಮನೆಯ ಗೀಸರ್ ಒಂದು ದಿನ ಇದ್ದಕ್ಕಿದ್ದಂತೆ ತೊಟ್ಟಿಕ್ಕಲು ಶುರು ಮಾಡಿತು. ಟ್ಯಾಂಕ್ ಸೋರುತ್ತಿರಲಿಲ್ಲ. ಅದರ ಬುಡದಲ್ಲಿ, ತಣ್ಣೀರು ಒಳಗೆ ಹೋಗುವ ಕಡೆ ಒಂದು ಸಣ್ಣ ಹಿತ್ತಾಳೆ ವಾಲ್ವ್ ಇದೆಯಲ್ಲ, ಅದರ ಪಕ್ಕದ ಮೂತಿಯಿಂದ ಹನಿ ಬೀಳುತ್ತಿತ್ತು. ಪ್ಲಂಬರ್ ಬಂದವರು ನೋಡಿ, "ಒಂದು ಎಂಡ್ ಕ್ಯಾಪ್ ಹಾಕ್ಬಿಡ್ತೀನಿ ಸಾರ್, ನಿಂತುಹೋಗತ್ತೆ" ಅಂದರು. ನಾನೂ ಹೂಂ ಅನ್ನುವವನಿದ್ದೆ. ಆ ಮೂತಿ ಇರುವುದೇ ನೀರು ಹೊರಗೆ ಬರಲಿ ಅಂತ ಎನ್ನುವುದು ಸರಿಯಾದ ಹೊತ್ತಿಗೆ ನೆನಪಾಯಿತು.

ಅದರ ಹೆಸರು ಸೇಫ್ಟಿ ವಾಲ್ವ್. ಒಳಗೆ ಒಂದು ಸ್ಪ್ರಿಂಗ್, ಸ್ಪ್ರಿಂಗ್ ತುದಿಗೆ ಒಂದು ರಬ್ಬರ್ ಬಿಲ್ಲೆ, ಅಷ್ಟೇ. ಟ್ಯಾಂಕಿನ ಒತ್ತಡ ಮಿತಿ ಮೀರಿದರೆ ನೀರು ಬಿಲ್ಲೆಯನ್ನು ತಳ್ಳಿಕೊಂಡು ಹೊರಗೆ ಬರುತ್ತದೆ. ಒತ್ತಡ ಇಳಿದರೆ ಸ್ಪ್ರಿಂಗ್ ಮತ್ತೆ ಬಾಯಿ ಮುಚ್ಚುತ್ತದೆ. ಇದಕ್ಕೆ ಕರೆಂಟ್ ಬೇಡ.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕೋಣ. ನೀರು ಕಾದರೆ ಹಿಗ್ಗುತ್ತದೆ. 25 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಿದರೆ ಸುಮಾರು 350 ಮಿ.ಲೀ. ಜಾಸ್ತಿಯಾಗುತ್ತದೆ. ಅಂದರೆ ಒಂದೂವರೆ ಲೋಟ. ಆದರೆ ಟ್ಯಾಂಕ್ ಹಿಗ್ಗುವುದಿಲ್ಲ, ನೀರನ್ನು ಅಮುಕಿ ಚಿಕ್ಕದು ಮಾಡುವುದಕ್ಕೂ ಆಗುವುದಿಲ್ಲ. ಹಾಗಾದರೆ ಈ ಒಂದೂವರೆ ಲೋಟ ಎಲ್ಲಿಗೆ ಹೋಗಬೇಕು? ದಾರಿ ತೆರೆದಿದ್ದರೆ ಬಂದ ಪೈಪಿನಲ್ಲೇ ಹಿಂದಕ್ಕೆ ಸರಿದು ಮೇಲಿನ ತೊಟ್ಟಿಯ ಕಡೆ ಹೋಗುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ನಡುವೆ ನಾನ್ ರಿಟರ್ನ್ ವಾಲ್ವ್ ಇದ್ದರೆ ಹಿಂದಕ್ಕೆ ದಾರಿ ಇಲ್ಲ. ಆಗ ಉಳಿಯುವುದು ಸೇಫ್ಟಿ ವಾಲ್ವಿನ ಬಾಯಿ ಒಂದೇ.

ನಮ್ಮ ಮನೆಯಲ್ಲಿ ಆಗಿದ್ದೂ ಇದೇ. ಅದಕ್ಕೆ ಸ್ವಲ್ಪ ದಿನ ಮುಂಚೆ ಪ್ರೆಶರ್ ಪಂಪ್ ಹಾಕಿಸಿದ್ದೆವು, ಅದರ ಜೊತೆ ಲೈನಿಗೆ ಒಂದು ನಾನ್ ರಿಟರ್ನ್ ವಾಲ್ವೂ ಬಂದಿತ್ತು. ಕೆಲವು ಸೇಫ್ಟಿ ವಾಲ್ವುಗಳ ಒಳಗೇ ನಾನ್ ರಿಟರ್ನ್ ಇರುತ್ತದೆ. ಅಂಥವು ಮೊದಲ ದಿನದಿಂದಲೇ ತೊಟ್ಟಿಕ್ಕುತ್ತವೆ, ಅದು ದೋಷವಲ್ಲ.

ಇನ್ನು ಕ್ಯಾಪ್ ಹಾಕಿದರೆ ಏನಾಗುತ್ತದೆ? ನೀರಿಗೆ ಹಿಂದಕ್ಕೆ ದಾರಿ ತೆರೆದಿದ್ದರೆ, ಸಾಕಷ್ಟು ಕಾದಾಗ ಕರೆಂಟ್ ಕಡಿಯುವ ಥರ್ಮೋಸ್ಟಾಟ್ ಸರಿ ಇರುವವರೆಗೆ ಬಹುಶಃ ಏನೂ ಆಗುವುದಿಲ್ಲ. ನಾನ್ ರಿಟರ್ನ್ ಇದ್ದರೆ ಹಾಗಲ್ಲ, ಪ್ರತಿ ಸಲ ಕಾದಾಗಲೂ ಒತ್ತಡ ಏರಿ ಟ್ಯಾಂಕಿನ ಬೆಸುಗೆಗಳು ಎಳೆತ ತಿನ್ನುತ್ತವೆ, ಸೀಳಲೂಬಹುದು. ಇನ್ನೂ ದೊಡ್ಡ ತೊಂದರೆ ಬರುವುದು ಥರ್ಮೋಸ್ಟಾಟ್ ಕೆಟ್ಟ ದಿನ. ಅದರ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಂಡು, ಎರಡನೇ ಕಾವಲಾದ ಥರ್ಮಲ್ ಕಟೌಟೂ ಕೈಕೊಟ್ಟರೆ ಕಾಯಿಲ್ ಕಾಯುತ್ತಲೇ ಇರುತ್ತದೆ. ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಕುದಿಯುತ್ತದೆ. ಮುಚ್ಚಿದ ಟ್ಯಾಂಕಿನಲ್ಲಿ ಹಾಗಲ್ಲ. ಒತ್ತಡ 7 ಬಾರ್ ಇದ್ದರೆ ನೀರು ಕುದಿಯುವುದು ಸುಮಾರು 170 ಡಿಗ್ರಿಗೆ. ಆ ಹೊತ್ತಿನಲ್ಲಿ ಟ್ಯಾಂಕ್ ಎಲ್ಲಾದರೂ ಸೀಳಿತೋ, ಒತ್ತಡ ತಟ್ಟನೆ ಇಳಿದು 25 ಲೀಟರಿನಲ್ಲಿ ಮೂರು ಲೀಟರಿನಷ್ಟು ನೀರು ಒಂದೇ ಏಟಿಗೆ ಹಬೆಯಾಗುತ್ತದೆ. ಒಂದು ಲೀಟರ್ ನೀರಿನಿಂದ 1600 ಲೀಟರಿಗೂ ಜಾಸ್ತಿ ಹಬೆ ಬರುತ್ತದೆ. ಮೂರು ಲೀಟರಿಗೆ ಐದು ಸಾವಿರ ಲೀಟರ್ ಹತ್ತಿರ. ಸಣ್ಣ ಬಚ್ಚಲುಮನೆಯ ಅರ್ಧಕ್ಕೂ ಹೆಚ್ಚು ಜಾಗ ಅದಕ್ಕೇ ಬೇಕು, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ.

ಸೇಫ್ಟಿ ವಾಲ್ವಿನ ಉಪಾಯವೇನೂ ಹೊಸದಲ್ಲ. 1679ರಲ್ಲಿ ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಲಂಡನ್ನಿನಲ್ಲಿ ಮುಚ್ಚಳ ಬಿಗಿದು ಬೇಯಿಸುವ ಪಾತ್ರೆಯೊಂದನ್ನು ತೋರಿಸಿದ. ಅದು ಒಡೆಯದಿರಲಿ ಎಂದು ತೂಕ ಹೇರಿದ ವಾಲ್ವನ್ನೂ ಅವನೇ ಮಾಡಿದ. ಕುಕ್ಕರಿನ ವೆಯ್ಟ್ ಅದರ ಮೊಮ್ಮಗ, ಗೀಸರಿನ ಸ್ಪ್ರಿಂಗ್ ವಾಲ್ವ್ ಇನ್ನೊಬ್ಬ ಮೊಮ್ಮಗ. ಕುಕ್ಕರ್ ಸೀಟಿ ಹೊಡೆದರೆ ನಾವು ಬಾಯಿ ಕಟ್ಟುವುದಿಲ್ಲ, ಅಲ್ವಾ?

ಮೊದಲು ವಾಲ್ವ್ ಹುಡುಕಿ

ಗೋಡೆಗೆ ತೂಗುಹಾಕಿದ ಗೀಸರಿನಲ್ಲಿ ಇದು ಸಾಮಾನ್ಯವಾಗಿ ಕೆಳಗಡೆ, ತಣ್ಣೀರಿನ ಪೈಪಿಗೆ ಇರುತ್ತದೆ. ನೆಲದ ಮೇಲೆ ನಿಲ್ಲುವ ದೊಡ್ಡ ಟ್ಯಾಂಕಿನಲ್ಲಿ ತಲೆಯ ಮೇಲೆ ಅಥವಾ ಮೇಲ್ಭಾಗದ ಪಕ್ಕದಲ್ಲಿ. ದೊಡ್ಡ ಟ್ಯಾಂಕಿನದು ಒತ್ತಡದ ಜೊತೆ ಬಿಸಿಗೂ ತೆರೆದುಕೊಳ್ಳುವ ಜಾತಿಯದಾಗಿರಬಹುದು. ಅದಕ್ಕೊಂದು ಉದ್ದ ಕಡ್ಡಿ ಇದ್ದು, ಟ್ಯಾಂಕಿನ ಮೇಲ್ಭಾಗದ ಬಿಸಿನೀರಿನಲ್ಲಿ ಮುಳುಗಿರುತ್ತದೆ. ನೀರು 99 ಡಿಗ್ರಿ ಹತ್ತಿರ ಹೋದರೆ, ಒತ್ತಡ ಇರಲಿ ಬಿಡಲಿ, ಬಾಯಿ ತೆರೆಯುತ್ತದೆ.

ಬಟ್ಟೆಯಿಂದ ಒರೆಸಿ ಮೈಮೇಲಿನ ಅಂಕಿ ಓದಿ. ಬಾರ್ ಲೆಕ್ಕದಲ್ಲಿ ಇರುತ್ತದೆ, ಇಲ್ಲವೇ ಎಂಪಿಎ ಅಂತ. 0.8 ಎಂಪಿಎ ಅಂದರೆ 8 ಬಾರ್. ಟ್ಯಾಂಕಿನ ಲೇಬಲ್ಲಿನಲ್ಲಿ ಅದು ತಡೆಯುವ ಒತ್ತಡ ಬರೆದಿರುತ್ತದೆ. ವಾಲ್ವಿನ ಅಂಕಿ ಅದಕ್ಕಿಂತ ಜಾಸ್ತಿ ಇರಕೂಡದು. ಹಾಗೇ ವಾಲ್ವಿಗೂ ಟ್ಯಾಂಕಿಗೂ ನಡುವೆ ಬೇರೆ ಯಾವ ನಲ್ಲಿಯೂ, ಗೇಟ್ ವಾಲ್ವೂ ಇರಬಾರದು.

ಮೂತಿಯ ಪೈಪ್

ನನ್ನ ಪ್ರಕಾರ ಜಾಸ್ತಿ ತಪ್ಪಾಗುವುದು ಇಲ್ಲಿಯೇ. ಪೈಪು ಮೂತಿಗಿಂತ ಸಣ್ಣದಿರಬಾರದು. ಉದ್ದಕ್ಕೂ ಇಳಿಜಾರಾಗಿ ಬರಬೇಕು, ಎಲ್ಲೂ ಮೇಲಕ್ಕೆ ಹತ್ತಬಾರದು. ಹತ್ತಿದರೆ ಒಳಗೆ ನೀರು ನಿಂತು ವಾಲ್ವ್ ತುಕ್ಕು ಹಿಡಿಯುತ್ತದೆ. ಕೊನೆಯ ತುದಿ ಕಣ್ಣಿಗೆ ಕಾಣುವ ಹಾಗೆ, ಯಾರ ತಲೆ ಮೇಲೂ ಬೀಳದ ಹಾಗೆ, ನೆಲದ ಮೋರಿಯ ಹತ್ತಿರ ಬಿಡಿ. ತುದಿಯಲ್ಲಿ ಥ್ರೆಡ್ (ತಿರುಪಿನ ಗೆರೆ) ಇರಬಾರದು. ಥ್ರೆಡ್ ಇದ್ದರೆ ನಾಳೆ ಯಾರಾದರೂ ಒಳ್ಳೆಯ ಮನಸ್ಸಿನಿಂದಲೇ ಕ್ಯಾಪ್ ತಿರುಗಿಸುತ್ತಾರೆ. ಕಡ್ಡಿ ಚುಚ್ಚುವುದು, ಚಿಂದಿ ಸುತ್ತುವುದು, ಎಂಸೀಲ್ ಮೆತ್ತುವುದು, ಇವೆಲ್ಲ ಕ್ಯಾಪಿನ ಅಣ್ಣತಮ್ಮಂದಿರು.

ಹನಿಯನ್ನು ಅಳೆಯಿರಿ

ಕೆಳಗೆ ಒಂದು ಮಗ್ ಇಡಿ. ತಣ್ಣಗಿರುವ ಗೀಸರನ್ನು ಹಾಕಿ, ದೀಪ ಆರುವವರೆಗೆ ಬಿಡಿ. ನಡುವೆ ಬಿಸಿನೀರು ಬಳಸಬೇಡಿ. 25 ಲೀಟರಿನ ಗೀಸರಿನಿಂದ ಒಂದೂವರೆ ಲೋಟದೊಳಗೆ ಬಂದು ನಿಂತರೆ ಸುಮ್ನೆ ಬಿಟ್ಟುಬಿಡಿ. ಅದು ಹಿಗ್ಗಿದ ನೀರು. ಹನಿ ಕಿರಿಕಿರಿಯಾದರೆ ತಣ್ಣೀರಿನ ಲೈನಿಗೆ ಎಕ್ಸ್‌ಪ್ಯಾನ್ಷನ್ ಟ್ಯಾಂಕ್ ಹಾಕಿಸಬಹುದು. ಒಳಗೆ ರಬ್ಬರ್ ಪದರ, ಅದರ ಹಿಂದೆ ಗಾಳಿ. ಹಿಗ್ಗಿದ ನೀರಿಗೆ ಅಲ್ಲಿ ಜಾಗ ಸಿಗುತ್ತದೆ.

ಗೀಸರ್ ಆರಿಸಿ ಎಲ್ಲ ತಣ್ಣಗಾದ ಮೇಲೂ ಹನಿ ನಿಲ್ಲಲಿಲ್ಲವೇ? ಎರಡರಲ್ಲಿ ಒಂದು. ಬಿಲ್ಲೆಯ ಕೆಳಗೆ ಮರಳೋ ಸುಣ್ಣದ ಚೂರೋ ಸಿಕ್ಕಿಕೊಂಡಿದೆ, ಇಲ್ಲವೇ ಲೈನಿನ ಒತ್ತಡವೇ ಜಾಸ್ತಿ ಇದೆ. ಗೇಜ್ ಹಾಕಿ ನೋಡಿದರೆ ಗೊತ್ತಾಗುತ್ತದೆ. 5.5 ಬಾರ್ ದಾಟಿದ್ದರೆ ಒತ್ತಡ ತಗ್ಗಿಸುವ ವಾಲ್ವ್ ಹಾಕಿಸಿ. ಬರೀ ತೊಟ್ಟಿಯಿಂದ ಇಳಿಯುವ ನೀರಿಗೆ ಅಷ್ಟು ಒತ್ತಡ ಇರುವುದಿಲ್ಲ, 10 ಮೀಟರ್ ಎತ್ತರಕ್ಕೆ 1 ಬಾರ್ ಲೆಕ್ಕ.

ಹನಿಯ ಬದಲು ಕುದಿನೀರೋ ಹಬೆಯೋ ಭುಸುಗುಡುತ್ತಾ ಬಂದರೆ ವಾಲ್ವ್ ಕಡೆ ಕೈ ಹಾಕಬೇಡಿ. ಎಂಸಿಬಿ ಇಳಿಸಿ, ಗ್ಯಾಸಿನದಾದರೆ ಗ್ಯಾಸ್ ಬಂದ್ ಮಾಡಿ, ಬಚ್ಚಲುಮನೆಯಿಂದ ಆಚೆ ಬನ್ನಿ. ಥರ್ಮೋಸ್ಟಾಟ್ ಹೋಗಿದೆ. ಅದನ್ನು ಬದಲಾಯಿಸುವವರೆಗೆ ಗೀಸರ್ ಹಾಕಕೂಡದು.

ಲಿವರ್ ಪರೀಕ್ಷೆ

ವರ್ಷಕ್ಕೆ ಒಮ್ಮೆಯಾದರೂ ಮಾಡಿ, ಗಡಸು ನೀರಾದರೆ ಆರು ತಿಂಗಳಿಗೊಮ್ಮೆ. ಕರೆಂಟ್ ತೆಗೆಯಿರಿ, ನೀರು ತಣ್ಣಗಾಗಲಿ. 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಪೈಪಿನ ಕೆಳಗೆ ಬಕೆಟ್ ಇಟ್ಟು ಲಿವರ್ ಎತ್ತಿ. ಸರ್ರನೆ ನೀರು ಬರಬೇಕು, ಬಿಟ್ಟ ಕೂಡಲೇ ನಿಲ್ಲಬೇಕು. ನಿಲ್ಲದೆ ಜಿನುಗಿದರೆ ಇನ್ನೆರಡು ಸಲ ಎತ್ತಿ ಬಿಡಿ, ಕಸ ತೊಳೆದುಹೋಗಬಹುದು. ವರ್ಷಗಟ್ಟಲೆ ಮುಟ್ಟದ ವಾಲ್ವ್ ಎತ್ತಿದ ಮೇಲೆ ಮತ್ತೆ ಕೂರದೇ ಹೋಗುವುದುಂಟು. ಅದಕ್ಕೇ ಹೊಸದೊಂದನ್ನು ತಂದಿಟ್ಟುಕೊಂಡೇ ಕೈ ಹಚ್ಚಿ. ಲಿವರ್ ಇಲ್ಲದ ಮಾದರಿಯಾದರೆ ಅದರ ಸ್ಕ್ರೂ ತಿರುಗಿಸಲು ಹೋಗಬೇಡಿ.

ಬದಲಾಯಿಸುವುದು

ಕೆಟ್ಟ ವಾಲ್ವನ್ನು ರಿಪೇರಿ ಮಾಡುವುದಲ್ಲ, ಬದಲಾಯಿಸುವುದು. ಎಂಸಿಬಿ ಇಳಿಸಿ, ತಣ್ಣೀರಿನ ನಲ್ಲಿ ಬಂದ್ ಮಾಡಿ, ಒಳಗೆ ಗಾಳಿ ಹೋಗಲು ಬಿಸಿನೀರಿನ ನಲ್ಲಿ ತೆರೆದಿಟ್ಟು, ಬುಡದ ಕಡೆಯಿಂದ ಟ್ಯಾಂಕ್ ಖಾಲಿ ಮಾಡಿ. ಹೊಸ ವಾಲ್ವಿನ ಅಂಕಿ ಹಳೆಯದರದ್ದೇ ಇರಲಿ, ಮೈಮೇಲಿನ ಬಾಣ ನೀರು ಹೋಗುವ ದಿಕ್ಕಿಗೆ ಇರಲಿ. ಟೆಫ್ಲಾನ್ ಟೇಪ್ ಥ್ರೆಡ್ಡಿಗೆ ಮಾತ್ರ ಸುತ್ತಿ. ಮೊದಲು ನೀರು ತುಂಬಿಸಿ, ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಇಲ್ಲದೆ ಒಂದೇ ಸಮ ಧಾರೆ ಬಂದ ಮೇಲೆ ಸ್ವಿಚ್ ಹಾಕಿ. ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಬೇಗನೆ ಸುಟ್ಟುಹೋಗುತ್ತದೆ.

ನಮ್ಮದನ್ನೂ ಕೊನೆಗೆ ಬದಲಾಯಿಸಿದೆವು, ಲಿವರ್ ಎತ್ತಿದ ಮೇಲೆ ಅದು ಕೂರಲೇ ಇಲ್ಲ. ಬಿಚ್ಚಿದ ವಾಲ್ವನ್ನು ಪ್ಲಂಬರ್ ಬೆಳಕಿಗೆ ಹಿಡಿದರು. ಒಳಗೆಲ್ಲ ಬಿಳಿ ಸುಣ್ಣ, ಉಗುರಿನಲ್ಲಿ ಕೆರೆದರೂ ಬರದಷ್ಟು ಗಟ್ಟಿ. ಸ್ಪ್ರಿಂಗಿನ ನಾಲ್ಕು ಸುತ್ತಿನಲ್ಲಿ ಎರಡು ಸುತ್ತು ಒಂದಕ್ಕೊಂದು ಅಂಟಿಕೊಂಡಿದ್ದವು. "ಇನ್ನೊಂದು ವರ್ಷ ಬಿಟ್ಟಿದ್ರೆ ತಾನೇ ಮುಚ್ಕೊಂಡಿರೋದು ಸಾರ್" ಅಂದರು. ಎಂಡ್ ಕ್ಯಾಪ್ ಅವರ ಚೀಲದಲ್ಲೇ ಉಳಿಯಿತು.