ತುರುಪು ಕೂಡಿದ ಮೇಲೆ ಅವಸರ ಬೇಡ: ಬ್ರಿಜ್‌ನಲ್ಲಿ ಸ್ಲಾಮ್ ಹುಡುಕುವ ಕ್ರಮ

ಜೊತೆಗಾರರು 1 ಸ್ಪೇಡ್ ಎಂದು ಬಿಡ್ (ಎಷ್ಟು ಟ್ರಿಕ್, ಅಂದರೆ ಸುತ್ತು, ಗೆಲ್ಲುತ್ತೇವೆ ಎಂಬ ಕರೆ) ಆರಂಭಿಸಿದ್ದಾರೆ. ನಿಮ್ಮ ಕೈಯಲ್ಲಿ ಎಕ್ಕ, ಗುಲಾಮ ಸಹಿತ ನಾಲ್ಕು ಸ್ಪೇಡ್‌ಗಳಿವೆ, ಒಟ್ಟು 17 ಪಾಯಿಂಟ್‌ಗಳಿವೆ (ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1). ಇಂಥ ಕೈ ಬಂದಾಗ ಬಹಳಷ್ಟು ಆಟಗಾರರು ಮರುಕ್ಷಣವೇ ಎಷ್ಟು ಎಕ್ಕಗಳಿವೆ ಎಂದು ಕೇಳುವ 4 ನೋ ಟ್ರಂಪ್ ಕಾರ್ಡನ್ನು ಎಳೆದು ಮೇಜಿನ ಮೇಲಿಡುವುದನ್ನು ನಾನು ವರ್ಷಗಳಿಂದ ನೋಡುತ್ತಿದ್ದೇನೆ. ಉತ್ತರ ಚೆನ್ನಾಗಿಯೇ ಬರುತ್ತದೆ, 6 ಸ್ಪೇಡ್ (ಹನ್ನೆರಡು ಟ್ರಿಕ್ ಗೆಲ್ಲುತ್ತೇವೆ ಎಂಬ ಸ್ಲಾಮ್) ಹೇಳುತ್ತಾರೆ, ಎದುರಾಳಿಗಳು ಮೊದಲ ಎರಡು ಟ್ರಿಕ್‌ಗಳನ್ನು ಎತ್ತಿಕೊಂಡು ಹೋಗುತ್ತಾರೆ. ತುರುಪಿನ ಬಲ ಖಚಿತವಾದ ಗಳಿಗೆಯಲ್ಲಿ ಬಿಡ್ಡಿಂಗ್ ನಿಧಾನವಾಗಬೇಕು ಎಂಬುದನ್ನು ಉದಾಹರಣೆ ಸಹಿತ ವಿವರಿಸುವುದಕ್ಕಾಗಿಯೇ ಈ ಲೇಖನ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ ಕೈಯ ಮೌಲ್ಯಮಾಪನ. ಸ್ಲಾಮ್‌ಗೆ 33 ಪಾಯಿಂಟ್ ಬೇಕು ಎಂದು ಮುದ್ರಿಸಿರುವ ಪ್ಲಾಸ್ಟಿಕ್ ಹಾಳೆಗಳನ್ನು ದಯವಿಟ್ಟು ಪಕ್ಕಕ್ಕಿಡಿ. ಆ ಲೆಕ್ಕ ಎರಡೂ ಕಡೆ ಸಮತೋಲನದ ಕೈಗಳಿರುವ ನೋ ಟ್ರಂಪ್ (ತುರುಪಿಲ್ಲದ) ಆಟಕ್ಕೆ ಮಾತ್ರ ಹೊಂದುತ್ತದೆ. ಒಂಬತ್ತು ಹತ್ತು ತುರುಪುಗಳು ಕೂಡಿ, ಒಂದು ಕೈಯಲ್ಲಿ ಯಾವುದಾದರೂ ಸೂಟಿನ ಒಂದೇ ಎಲೆ ಇದ್ದರೆ, 26-27 ಪಾಯಿಂಟ್‌ಗಳಲ್ಲಿಯೇ ಹನ್ನೆರಡು ಟ್ರಿಕ್ ಬರುವುದುಂಟು.

ಎರಡನೆಯ ಹೆಜ್ಜೆಯಲ್ಲಿ, ತುರುಪು ಕೂಡಿದೆ ಎಂಬುದನ್ನು ಗೇಮ್‌ನ (ಸ್ಪೇಡ್ ತುರುಪಾದರೆ 4 ಸ್ಪೇಡ್‌ನ) ಕೆಳಗೇ ತಿಳಿಸಬೇಕು. ಎದುರಾಳಿಗಳು ನಡುವೆ ಬಾಯಿ ಹಾಕದಿದ್ದರೆ, ಆಸ್ವಾಲ್ಡ್ ಜಾಕೊಬಿ ಅವರ ಹೆಸರಿನ 2 ನೋ ಟ್ರಂಪ್ ಇದಕ್ಕೆ ಅತ್ಯುತ್ತಮ ಸಾಧನ: ನಾಲ್ಕು ತುರುಪುಗಳಿವೆ, ಗೇಮ್ ಖಚಿತ, ನಿಮ್ಮ ಕೈಯನ್ನು ವಿವರಿಸಿ ಎಂದು ಅದರ ಅರ್ಥ. ಒಂದೇ ಎಲೆಯ ಸೂಟ್ ನಿಮ್ಮಲ್ಲಿದ್ದು, ಸುಮಾರು 10ರಿಂದ 13 ಪಾಯಿಂಟ್ ಇದ್ದರೆ ಸ್ಪ್ಲಿಂಟರ್ ಹೇಳಿ. 1 ಸ್ಪೇಡ್‌ಗೆ 4 ಡೈಮಂಡ್ ಎಂದರೆ ತುರುಪಿಗೆ ಬೆಂಬಲವಿದೆ, ಡೈಮಂಡ್ ಒಂದೇ ಇದೆ ಅಥವಾ ಇಲ್ಲವೇ ಇಲ್ಲ ಎಂದರ್ಥ. ಅದನ್ನು ಕೇಳಿದ ಜೊತೆಗಾರರ ಬಳಿ ಡೈಮಂಡಿನ ರಾಜ, ರಾಣಿ, ಗುಲಾಮ ಇದ್ದರೆ ಆ ಪಾಯಿಂಟ್‌ಗಳು ಬಹುಮಟ್ಟಿಗೆ ವ್ಯರ್ಥ, ಅವರು 4 ಸ್ಪೇಡ್‌ನಲ್ಲಿ ನಿಲ್ಲಬೇಕು. ಮೂರು ಸಣ್ಣ ಎಲೆಗಳಷ್ಟೇ ಇದ್ದರೆ ಅವರ ಉಳಿದ ಪಾಯಿಂಟ್‌ಗಳೆಲ್ಲ ಕೆಲಸಕ್ಕೆ ಬರುತ್ತವೆ, ಅವರು ಮುಂದುವರಿಯಬೇಕು.

ಮೂರನೆಯ ಹೆಜ್ಜೆಯೇ ಎಲ್ಲರೂ ಎಡವುವ ಜಾಗ. ನಿಮ್ಮ ಕೈ ಹೀಗಿದೆ ಎಂದುಕೊಳ್ಳಿ. ಸ್ಪೇಡ್: ಎಕ್ಕ, ಗುಲಾಮ, 8, 4; ಹಾರ್ಟ್: ರಾಣಿ, 5; ಡೈಮಂಡ್: ರಾಣಿ, ಗುಲಾಮ, 3; ಕ್ಲಬ್: ಎಕ್ಕ, ರಾಜ, 7, 2. ಜೊತೆಗಾರರ ಕೈ ಎರಡು ಬಗೆಯಲ್ಲಿ ಇರಬಹುದು. ಮೊದಲನೆಯ ಕೈಯಲ್ಲಿ ಸ್ಪೇಡ್: ರಾಜ, ರಾಣಿ, 10, 7, 3, ಹಾರ್ಟ್: 8, 4, ಡೈಮಂಡ್: ಎಕ್ಕ, ರಾಜ, 6, 2, ಕ್ಲಬ್: ರಾಣಿ, ಗುಲಾಮ. ಎರಡನೆಯ ಕೈಯಲ್ಲಿ ಸ್ಪೇಡ್ ಮತ್ತು ಡೈಮಂಡ್ ಅವೇ. ಹಾರ್ಟ್ ಮಾತ್ರ ರಾಜ, 4 ಆಗಿದ್ದು, ಕ್ಲಬ್ 9, 5 ಆಗಿದೆ. ಎರಡರಲ್ಲಿಯೂ 15 ಪಾಯಿಂಟ್, ಎರಡರ ಆಕಾರವೂ ಒಂದೇ, 4 ನೋ ಟ್ರಂಪ್‌ಗೆ ಎರಡೂ ಕೊಡುವ ಉತ್ತರವೂ ಒಂದೇ. ಆದರೆ ಮೊದಲ ಕೈಯೊಂದಿಗೆ 6 ಸ್ಪೇಡ್ ಹೇಳಿದರೆ ಹಾರ್ಟಿನ ಎಕ್ಕ ಮತ್ತು ರಾಜ ಎರಡನ್ನೂ ಎದುರಾಳಿಗಳು ಮೊದಲೇ ಹೊಡೆದುಬಿಡಬಹುದು. ಎರಡನೆಯದರೊಂದಿಗೆ ಹಾರ್ಟಿನ ಎಕ್ಕವೊಂದನ್ನು ಬಿಟ್ಟು ಉಳಿದ ಹನ್ನೆರಡೂ ನಿಮ್ಮವೇ. ಬ್ಲ್ಯಾಕ್‌ವುಡ್, ಅಂದರೆ ಆ 4 ನೋ ಟ್ರಂಪ್ ಪ್ರಶ್ನೆ, ಎಷ್ಟು ಎಕ್ಕಗಳಿವೆ ಎಂದು ಹೇಳುತ್ತದೆ. ಯಾವ ಸೂಟು ತೆರೆದುಕೊಂಡಿದೆ ಎಂದು ಹೇಳುವುದಿಲ್ಲ.

ಅದನ್ನು ಹೇಳುವುದು ಕ್ಯೂ ಬಿಡ್. ತುರುಪು ಗೊತ್ತಾದ ಮೇಲೆ ಗೇಮ್‌ನ ಕೆಳಗೆ ಹೇಳುವ ಪ್ರತಿ ಹೊಸ ಸೂಟು, ಆ ಸೂಟಿನಲ್ಲಿ ಎದುರಾಳಿಗಳು ಎರಡು ಟ್ರಿಕ್ ಸರಸರನೆ ಎತ್ತಲಾರರು ಎಂಬ ಭರವಸೆ. ಅಂದರೆ ಅಲ್ಲಿ ಎಕ್ಕ ಅಥವಾ ರಾಜ ಇದೆ, ಇಲ್ಲವೇ ಒಂದೇ ಎಲೆ ಇದೆ, ಇಲ್ಲವೇ ಎಲೆಯೇ ಇಲ್ಲ. ಮೊದಲು ಎಕ್ಕಗಳನ್ನಷ್ಟೇ ತೋರಿಸಿ ರಾಜರನ್ನು ಆಮೇಲೆ ಹೇಳುವ ಹಳೆಯ ಪದ್ಧತಿಯನ್ನು ಬಿಟ್ಟುಬಿಡಿ. ನಿಮಗೆ ಬೇಕಾದ ಮಾಹಿತಿಗೆ ಎರಡೂ ಸಮಾನ, ಜಾಗವಂತೂ ಕಡಿಮೆ. ಸೂಟನ್ನು ಹೀಗೆ ಕಾಯುವ ಎಲೆಗಳೇ ಕಂಟ್ರೋಲ್. ಇರುವ ಕಂಟ್ರೋಲ್‌ಗಳಲ್ಲಿ ಅತ್ಯಂತ ಕೆಳಗಿನದನ್ನು (ಏರುಕ್ರಮ: ಕ್ಲಬ್, ಡೈಮಂಡ್, ಹಾರ್ಟ್, ಸ್ಪೇಡ್) ಮೊದಲು ಹೇಳಬೇಕು, ಹಾರಿ ಬಿಟ್ಟ ಸೂಟಿನಲ್ಲಿ ಕಂಟ್ರೋಲ್ ಇಲ್ಲ ಎಂದೇ ಜೊತೆಗಾರರು ತಿಳಿಯಬೇಕು. ಅವರು ಹಾರಿಸಿದ ಸೂಟಿನಲ್ಲಿ ನಿಮ್ಮಲ್ಲಿಯೂ ಏನೂ ಇಲ್ಲದಿದ್ದರೆ ಕೂಡಲೇ ತುರುಪಿಗೆ ಮರಳಬೇಕು. ನೀವು ಮುಂದುವರಿದರೆ ಆ ಸೂಟನ್ನು ನೀವು ಕಾಯುತ್ತೀರಿ ಎಂದರ್ಥ.

ಈಗ ಅದೇ ಕೈಗಳನ್ನು ಬಿಡ್ ಮಾಡೋಣ. 1 ಸ್ಪೇಡ್, 2 ನೋ ಟ್ರಂಪ್, ಆಮೇಲೆ ಜೊತೆಗಾರರ 3 ನೋ ಟ್ರಂಪ್. ಒಂಟಿ ಎಲೆಯ ಸೂಟಿಲ್ಲದ, 15ರಿಂದ 17 ಪಾಯಿಂಟ್‌ನ ಕೈ ಎಂದು ಇದರ ಅರ್ಥ. ನೀವು 4 ಕ್ಲಬ್, ಅವರು 4 ಡೈಮಂಡ್. ಹಾರ್ಟಿನಲ್ಲಿ ನಿಮಗೆ ಇರುವುದು ರಾಣಿ ಮಾತ್ರ, ಆದ್ದರಿಂದ 4 ಹಾರ್ಟ್ ಹಾರಿಸಿ 4 ಸ್ಪೇಡ್ ಹೇಳುತ್ತೀರಿ. 17 ಪಾಯಿಂಟ್ ಇಟ್ಟುಕೊಂಡು 4 ಸ್ಪೇಡ್ ಹೇಳಲು ಧೈರ್ಯ ಸಾಲದೆ ಇಲ್ಲಿಯೇ 4 ನೋ ಟ್ರಂಪ್‌ಗೆ ಕೈಹಾಕುವವರನ್ನು ಕಂಡಿದ್ದೇನೆ. ಜೊತೆಗಾರರ ಮೇಲೆ ನಂಬಿಕೆಯಿಡಿ. ಮೊದಲ ಕೈ ಹಿಡಿದವರು ಹಾರ್ಟಿನ ರಂಧ್ರವನ್ನು ಕಂಡು ಪಾಸ್ ಮಾಡುತ್ತಾರೆ, ಹನ್ನೊಂದು ಟ್ರಿಕ್‌ನೊಂದಿಗೆ ಗೇಮ್ ದಕ್ಕುತ್ತದೆ. ಎರಡನೆಯ ಕೈ ಹಿಡಿದವರು ತಮ್ಮ ಹಾರ್ಟ್ ರಾಜನನ್ನು ನೋಡಿ ತಾವೇ 4 ನೋ ಟ್ರಂಪ್ ಕೇಳುತ್ತಾರೆ.

ಮೊಬೈಲ್ ಆ್ಯಪ್‌ಗಳ ರೋಬಾಟ್‌ಗಳೊಂದಿಗೆ ಮಾತ್ರ ಇದನ್ನು ಅಭ್ಯಾಸ ಮಾಡುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅವುಗಳ ಕ್ಯೂ ಬಿಡ್ ಅರ್ಥ ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಜೊತೆಗಾರರೊಂದಿಗೆ ಕುಳಿತು, ಬಿಡ್‌ಗಳನ್ನಷ್ಟೇ ಹೇಳುತ್ತಾ ಇಪ್ಪತ್ತು ಕೈ ಹಂಚಿಕೊಳ್ಳುವುದು ಹೆಚ್ಚು ಫಲಕಾರಿ.

ನಾಲ್ಕನೆಯ ಹೆಜ್ಜೆ ಕೀ ಕಾರ್ಡ್ ಪ್ರಶ್ನೆ. ಈಸ್ಲಿ ಬ್ಲ್ಯಾಕ್‌ವುಡ್ 1933ರಲ್ಲಿ ರೂಪಿಸಿದ ಪದ್ಧತಿ ನಾಲ್ಕು ಎಕ್ಕಗಳನ್ನಷ್ಟೇ ಎಣಿಸುತ್ತಿತ್ತು. ಇಂದು ತುರುಪಿನ ರಾಜನೂ ಸೇರಿ ಐದು ಕೀ ಕಾರ್ಡ್‌ಗಳು. 5 ಕ್ಲಬ್ ಎಂದರೆ ಒಂದು ಅಥವಾ ನಾಲ್ಕು, 5 ಡೈಮಂಡ್ ಎಂದರೆ ಸೊನ್ನೆ ಅಥವಾ ಮೂರು, 5 ಹಾರ್ಟ್ ಎಂದರೆ ತುರುಪಿನ ರಾಣಿಯಿಲ್ಲದೆ ಎರಡು, 5 ಸ್ಪೇಡ್ ಎಂದರೆ ರಾಣಿಯೊಂದಿಗೆ ಎರಡು. ಮೊದಲೆರಡನ್ನು ಅದಲುಬದಲು ಮಾಡಿ ಆಡುವವರೂ ಇದ್ದಾರೆ, ಆದರೆ ಈ ಕ್ರಮವನ್ನೇ ಆರಿಸಿಕೊಳ್ಳಿ: ಹಾರ್ಟ್ ತುರುಪಾಗಿರುವಾಗ 5 ಕ್ಲಬ್ ಉತ್ತರದ ಮೇಲೆ 5 ಡೈಮಂಡ್ ಹೇಳಿ ರಾಣಿಯನ್ನು ಕೇಳಲು ಜಾಗ ಉಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ ನಿಮ್ಮ ಉತ್ತರ 5 ಹಾರ್ಟ್; ಒಂದು ಎಕ್ಕ ಮಾತ್ರ ಹೊರಗಿದೆ ಎಂದು ಅರಿತ ಜೊತೆಗಾರರು 6 ಸ್ಪೇಡ್ ಹೇಳುತ್ತಾರೆ. ಜೊತೆಗಾರರ ಐದಕ್ಕೆ ನಿಮ್ಮಲ್ಲಿಯೂ ಐದು ತುರುಪುಗಳಿದ್ದರೆ, ರಾಣಿ ಇಲ್ಲದಿದ್ದರೂ ಇದೆ ಎಂದೇ ಉತ್ತರಿಸಿ. ಹೊರಗಿರುವ ಮೂರು ತುರುಪುಗಳು 2-1 ಆಗಿ ಹಂಚಿಹೋಗುವ ಸಾಧ್ಯತೆ ಶೇ 78, ಆಗ ಎಕ್ಕ, ರಾಜ ಹೊಡೆದರೆ ರಾಣಿ ತಾನಾಗಿಯೇ ಬೀಳುತ್ತದೆ. ಎಲೆಯೇ ಇಲ್ಲದ ಸೂಟು ನಿಮ್ಮಲ್ಲಿದ್ದರೆ 4 ನೋ ಟ್ರಂಪ್ ಕೇಳಲೇಬೇಡಿ, ಏಕೆಂದರೆ ಉತ್ತರದಲ್ಲಿ ಬಂದ ಎಕ್ಕ ಅದೇ ಸೂಟಿನದೋ ಎಂಬುದು ತಿಳಿಯುವುದಿಲ್ಲ.

ಐದೂ ಕೀ ಕಾರ್ಡ್‌ಗಳೂ ತುರುಪಿನ ರಾಣಿಯೂ ನಿಮ್ಮ ಪಾಲಿಗಿವೆ ಎಂದಾದರೆ ಮಾತ್ರ 5 ನೋ ಟ್ರಂಪ್ ಹೇಳಿ ರಾಜರನ್ನು ಕೇಳಿ. ಹದಿಮೂರನೆಯ ಟ್ರಿಕ್ ಯಾವ ಎಲೆಯಿಂದ ಬರುತ್ತದೆ ಎಂದು ಬೆರಳಿಟ್ಟು ತೋರಿಸಲಾಗದಿದ್ದರೆ 6ರಲ್ಲಿಯೇ ನಿಲ್ಲಿ. ವಲ್ನರಬಲ್ (ಬೋನಸ್ಸೂ ದಂಡವೂ ಹೆಚ್ಚಿರುವ ಸ್ಥಿತಿ) ಆಗಿರುವಾಗ ಹದಿಮೂರು ಟ್ರಿಕ್ ಬಂದರೆ 7 ಸ್ಪೇಡ್‌ಗೆ 2210, 6 ಸ್ಪೇಡ್‌ಗೆ 1460. ಹನ್ನೆರಡೇ ಬಂದರೆ 6 ಸ್ಪೇಡ್ ಹೇಳಿದವರಿಗೆ 1430, 7 ಸ್ಪೇಡ್ ಹೇಳಿದವರಿಂದ ಎದುರಾಳಿಗಳಿಗೆ 100.